ಎರಡು ಸಲ ಕೆಮ್ಮುವ ಯಂತ್ರ

ಸ್ವಲ್ಪ ನಿಂತು ಇದೊಂದು ಕೇಳಿಬಿಡಿ. ಹುಬ್ಬಳ್ಳಿಯ ಗುಜರಿ ಓಣಿಯಲ್ಲಿ ರಿಪೇರಿ ಅಂಗಡಿಯ ಶಮೀಮಳಿಗೆ ಹುಲ್ಲು ಕತ್ತರಿಸುವ ಹಳೇ ಯಂತ್ರವೊಂದು ಸಿಕ್ಕಿತು. ದುಡಿಸಿದವರ ಚಾಳಿ ಯಂತ್ರದ ಎಣ್ಣೆಗೆ ಇಳಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಾರುವ ಮುಂಚೆ ಅದನ್ನು ಬಸಿದು ಮಣ್ಣಿಗೆ ಸುರಿಯುವುದು ಪದ್ಧತಿ. ರಿಪೇರಿ ಮುಗಿಸಿ, ಚಹಾದ ಲೋಟ ಪಕ್ಕಕ್ಕಿಟ್ಟು ಹಗ್ಗ ಎಳೆದಳು. ಯಂತ್ರ ಎರಡು ಸಲ ಕೆಮ್ಮಿ ಶುರುವಾಯಿತು. ತೀರಿಕೊಂಡ ಅವಳ ಗುರು ದಾವಲಸಾಬರದೇ ಥೇಟ್ ಕೆಮ್ಮು! ಅದನ್ನು ಹಿಂದೆ ದುಡಿಸಿದವರು ಅವರೇ ಇರಬೇಕು.

"ಏನವಾ, ಇದಕ್ಕ ದಮ್ಮು ಐತೇನು? ಕೆಮ್ಮು ತೆಗದ್ರಷ್ಟ ಒಯ್ತೀನಿ," ಎಂದ ಗಿರಾಕಿ.

"ತೆಗೀತೀನಿ ಬಿಡೋ ಯಪ್ಪಾ, ನಗಬ್ಯಾಡ. ನನಗ ಕೆಲ್ಸಾ ಕಲಿಸಿದ ಕೆಮ್ಮು ಅದು."

ಎಣ್ಣೆ ಬಸಿದಳು. ಮಣ್ಣಿಗೆ ಸುರಿಯಲು ಮಾತ್ರ ಕೈ ಬರಲಿಲ್ಲ; ತನ್ನ ಅಂಗಡಿಯ ಜನರೇಟರಿಗೆ ಹಾಕಿಬಿಟ್ಟಳು. ಈಗ ದಿನಾ ಬೆಳಿಗ್ಗೆ ಅದು ಎರಡು ಸಲ ಕೆಮ್ಮುತ್ತದೆ, ಶಮೀಮ ಪಕ್ಕದಲ್ಲಿ ಚಹಾ ತಂದಿಟ್ಟ ಮೇಲೆಯೇ, ಥೇಟ್ ಗುರುವಿನ ಹಾಗೆ, ಶುರುವಾಗುತ್ತದೆ. ನೀವಾಗಿದ್ದರೆ ಮಣ್ಣಿಗೆ ಸುರಿಯುತ್ತಿದ್ದಿರಾ?