ಬೂದೆಪ್ಪನ ಹಗ್ಗ

ಗದ್ದೆಪ್ಪನ ಕಲ್ಲಿಗೆ ಬೇರೆಯವರ ಹಗ್ಗ ಬಿದ್ದಿತ್ತು. ಸಂಜೆ ಎಮ್ಮೆ ಹೊಡೆದುಕೊಂಡು ಹೊಳೆದಂಡೆಯಲ್ಲಿ ಬರುತ್ತಿದ್ದವನು ಅದನ್ನು ಕಂಡು ಅಲ್ಲೇ ನಿಂತ. ಹಗ್ಗದ ಆ ತುದಿಗೆ ಎಂಜಿನ್ ಕೂಡಿಸಿದ ಮರದ ದೋಣಿ. ಅದರ ಮೇಲೆ ಕಮಾನಿನಂತೆ ಬಿಗಿದು ಎರಡೂ ತುದಿಗೆ ಇಳಿಬಿಟ್ಟ ಹಸಿರು ತಾಡಪತ್ರಿ. ದೇವದುರ್ಗದ ಹೊಳೆಸಾಲಿನಲ್ಲೆಲ್ಲ ಅಂಥ ದೋಣಿ ಇದ್ದದ್ದು ಬೂದೆಪ್ಪನ ಹತ್ತಿರ ಮಾತ್ರ. ಆ ಹೆಸರು ನೆನಪಾದದ್ದೇ ತಡ, ಗದ್ದೆಪ್ಪನ ಮೈಯೆಲ್ಲ ಉರಿದುಹೋಯಿತು.

ಎಂಬತ್ತಮೂರನೆಯ ಇಸವಿಯ ಶ್ರಾವಣ ಅದು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದು ಬೆಳಿಗ್ಗೆಯೇ ಆಚೆ ದಂಡೆಯಲ್ಲಿ ಜೀಪೊಂದು ಮೈಕಿನಲ್ಲಿ ಕೂಗಿ ಹೋಗಿತ್ತು. ಮಧ್ಯಾಹ್ನದಿಂದ ಕೃಷ್ಣೆ ಕೆಂಪಾಗಿ ಏರುತ್ತಲೇ ಇದ್ದಳು. ಇಂಥ ಹೊಳೆಯಲ್ಲಿ ರಾತ್ರಿ ದೋಣಿ ಕಟ್ಟಲು ಅವನ ಊರಿದ್ದ ಇಡೀ ನಡುಗಡ್ಡೆಗೆ ಇದ್ದ ಜಾಗ ಅದೊಂದೇ. ಎರಡು ಕಡೆ ಬಂಡೆಗಳು ಚಾಚಿಕೊಂಡು, ಹೊರಗೆ ಎಷ್ಟೇ ಸೆಳವಿದ್ದರೂ ಒಳಗಿನ ನೀರು ಹಂಡೆಯ ನೀರಿನಂತೆ ಸುಮ್ಮನಿರುತ್ತಿತ್ತು. ಹಗ್ಗ ಕಟ್ಟಲೆಂದು ಆ ಕಲ್ಲಿಗೆ ತೂತು ಕೊರೆದವನು ಗದ್ದೆಪ್ಪನ ಅಜ್ಜ. ಗದ್ದೆಪ್ಪ ತನ್ನ ಹರಿಗೋಲನ್ನು ಮೇಲೆಳೆದು ಬೋರಲು ಹಾಕಿದ್ದರಿಂದ ಈಗ ಕಲ್ಲು ಖಾಲಿಯಿತ್ತು. ಖಾಲಿಯಿದ್ದರೇನು, ಒಂದು ಮಾತು ಕೇಳಬೇಡವೇ?

ಕಲ್ಲಿನ ಮಾತು ಹಾಗಿರಲಿ. ಹಿಂದಿನ ವರ್ಷ ಇದೇ ದೋಣಿ ಹತ್ತಿ ಅವನ ಒಬ್ಬಳೇ ಮಗಳು ಕನಕಮ್ಮ ಹೊಳೆ ದಾಟಿದ್ದಳು. ಅಪ್ಪನನ್ನು ಕೇಳದೆ, ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಪಕೀರಪ್ಪನನ್ನು ಮದುವೆಯಾಗಿದ್ದಳು. ಹುಡುಗಿ ಕೈಮುಗಿದು ಕೇಳಿದಳು, ದಾಟಿಸಿದೆ ಎಂದು ಬೂದೆಪ್ಪ ಎಲ್ಲರೆದುರು ಹೇಳಿಕೊಂಡು ತಿರುಗಿದ. ಅವಳ ಕಾಲು ಮತ್ತೆ ಈ ದಂಡೆಗೆ ತಾಗಕೂಡದು ಎಂದು ಗದ್ದೆಪ್ಪನೂ ಎಲ್ಲರೆದುರೇ ಕೂಗಿ ಹೇಳಿದ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಆಸಾಮಿಯಲ್ಲ ಅವನು. ಅದೊಂದು ದೊಡ್ಡ ಗುಣವೆಂದೇ ತಿಳಿದಿದ್ದ.

ಈಗ ಕನಕಮ್ಮನಿಗೆ ದಿನ ತುಂಬಿದ್ದವು. ಚೊಚ್ಚಲು ಹೆರಿಗೆ, ಅದರಲ್ಲೂ ಕೂಸು ಅಡ್ಡ ತಿರುಗಿದೆಯೆಂಬ ಸುದ್ದಿ ಬಂದಿತ್ತು. ಗದ್ದೆಪ್ಪನ ಹೆಂಡತಿ ಅಮರಮ್ಮ ಸೂಲಗಿತ್ತಿ. ನಡುಗಡ್ಡೆಯ ಅರ್ಧ ಮಂದಿ ಅವಳ ಕೈಯಲ್ಲೇ ಹುಟ್ಟಿದವರು. ಊರವರ ಮಕ್ಕಳಿಗೆಲ್ಲ ಆದ ಕೈ ನನ್ನ ಮಗಳಿಗೆ ಬೇಡವೇ, ಅವಳನ್ನು ತವರಿಗೆ ಕರೆಸು ಎಂದು ಗೋಗರೆದಳು. ಗದ್ದೆಪ್ಪ ಜಗ್ಗಲಿಲ್ಲ. ನಾನಾದರೂ ಮಾನ್ವಿಗೆ ಹೋಗುತ್ತೇನೆ ಎಂದಳು. ಹೋದರೆ ಅಲ್ಲೇ ಇದ್ದುಬಿಡು ಎಂದ. ಅಂದಿನಿಂದ ಗಂಡಹೆಂಡಿರಿಗೆ ಮಾತಿಲ್ಲ.

ಆದರೆ ನಿನ್ನೆಯಿಂದ ಅವಳ ಓಡಾಟವೇ ಬೇರೆಯಾಗಿತ್ತು. ಹಳೆಯ ಸೀರೆಗಳನ್ನು ಒಗೆದು ಮಡಚಿಟ್ಟಳು. ಬಾಣಂತಿಗೆ ಕೊಡುವ ಅಂಟಿನುಂಡೆ ಕಟ್ಟಿದಳು. ಬೆಳಿಗ್ಗೆ ಒಳಕೋಣೆಯ ಸಾಮಾನೆಲ್ಲ ಹೊರಗಿಟ್ಟು ನೆಲ ಸಾರಿಸಿದಳು. ಬಹಳ ದಿನಕ್ಕೆ ಮನೆ ಬಿಟ್ಟು ಹೊರಡುವ ಹೆಂಗಸರು ಹೀಗೆಯೇ ಎಲ್ಲ ಅಚ್ಚುಕಟ್ಟು ಮಾಡಿಟ್ಟು ಹೋಗುತ್ತಾರೆಂದು ಗದ್ದೆಪ್ಪ ಒಳಗೊಳಗೇ ಕುದಿಯುತ್ತಿದ್ದ. ಈ ಹೊಳೆಯಲ್ಲಿ ಯಾರು ದಾಟಿಸುತ್ತಾರೆ ಎಂಬುದೊಂದು ಗೊತ್ತಿರಲಿಲ್ಲ. ಈಗ ಅದೂ ಗೊತ್ತಾಯಿತು.

ಮೊದಲು ಮಗಳು, ಈಗ ಹೆಂಡತಿ. ಅದೂ ತನ್ನ ಅಜ್ಜನ ಕಲ್ಲಿಗೇ ಹಗ್ಗ ಕಟ್ಟಿ. ಗದ್ದೆಪ್ಪ ಹಲ್ಲು ಕಡಿಯುತ್ತ ಸುತ್ತ ನೋಡಿದ. ಬೂದೆಪ್ಪನ ಸುಳಿವಿರಲಿಲ್ಲ. ಗುಡಿಯ ಕಡೆಯ ದಾರಿ ಹಿಡಿದು ಊರೊಳಗೆ ಹೋಗಿರಬೇಕು.

ಅಂಬಿಗರಲ್ಲಿ ಒಬ್ಬನ ಹಗ್ಗವನ್ನು ಇನ್ನೊಬ್ಬ ಬಿಚ್ಚುವುದಿಲ್ಲ, ಹಾಡಹಗಲೇ ಹೊಡೆದಾಡಿಕೊಂಡ ವೈರಿಯದಾದರೂ ಸರಿ. ಗದ್ದೆಪ್ಪನೂ ಹುಟ್ಟಿದಾಗಿನಿಂದ ಬಿಚ್ಚಿದವನಲ್ಲ. ಆದರೆ ಸಿಟ್ಟು ತಲೆಗೇರಿದ ಮೇಲೆ ಕುಲದ ಕಟ್ಟಳೆ ಯಾರಿಗೆ ಬೇಕು? ಬಗ್ಗಿ ಗಂಟು ಬಿಚ್ಚಿ, ಹಗ್ಗವನ್ನು ನೀರಿಗೆಸೆದ.

ದೋಣಿ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಎಂಜಿನ್ನಿನ ಭಾರವಿರಬೇಕು ಎಂದುಕೊಂಡ. ಎದೆಮಟ್ಟ ನೀರಿಗಿಳಿದು, ಹೆಗಲು ಕೊಟ್ಟು, ಉಸಿರು ಕಟ್ಟಿ ನೂಕಿದ. ಒಂದು ವರ್ಷದಿಂದ ನುಂಗಿಕೊಂಡಿದ್ದೆಲ್ಲ ಗಂಟಲಿಗೆ ಬಂತು.

"ಹೋಗು, ಹೊಳಿ ಪಾಲಾಗಿ ಹೋಗು," ಎಂದು ಗಟ್ಟಿಯಾಗಿಯೇ ಅಂದ. "ಮತ್ತ ಈ ದಂಡಿಗಿ ಬರಬ್ಯಾಡ."

ಬಂಡೆಯ ಮರೆ ದಾಟುವಾಗ ತಾಡಪತ್ರಿಯ ಅಂಚು ಒಮ್ಮೆ ಮೇಲೆದ್ದು ಬಿತ್ತು. ಗಾಳಿ ಜೋರಿತ್ತು. ಆಮೇಲೆ ಸೆಳವು ದೋಣಿಯನ್ನು ಹಿಡಿದು, ಅಡ್ಡ ತಿರುಗಿಸಿ, ಎಳೆದುಕೊಂಡು ಹೋಯಿತು. ಅದು ಕೆಂಪು ನೀರಿನಲ್ಲಿ ಚುಕ್ಕಿಯಾಗುವವರೆಗೂ ಗದ್ದೆಪ್ಪ ನೋಡಿದ. ಅವನಿಗೆ ಹಿತವೆನಿಸಿತು. ಮುಚ್ಚಿಡುವುದೇಕೆ, ಬಹಳ ಹಿತವೆನಿಸಿತು. ಎಮ್ಮೆಯ ಬೆನ್ನು ತಟ್ಟಿ ಮನೆಗೆ ಹೊರಟ.

ಮನೆಯ ಕಟ್ಟೆಯ ಮೇಲೆ ಬೂದೆಪ್ಪ ಚಹಾ ಕುಡಿಯುತ್ತ ಕುಳಿತಿದ್ದ. ಗದ್ದೆಪ್ಪನನ್ನು ಕಂಡು ಗಡಬಡಿಸಿ ಎದ್ದ. ಹೇಳದೆ ಕೇಳದೆ ನಿನ್ನ ಕಲ್ಲಿಗೆ ಕಟ್ಟಿದ್ದು ತಪ್ಪಾಯಿತು, ಹೊಳೆ ನೋಡಿದರೆ ಇನ್ನೊಂದು ಜಾಗ ಕಾಣಲಿಲ್ಲ ಎಂದ. ಗದ್ದೆಪ್ಪ ಅವನತ್ತ ತಿರುಗಿಯೂ ನೋಡಲಿಲ್ಲ. ಮಾತು ಕೇಳಿ ಅಮರಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ನಾಳಿ ಮಾನ್ವಿಗಿ ಹ್ಯಾಂಗ ಹೋಗ್ತಿ, ನಾನೂ ನೋಡ್ತೀನಿ," ಎಂದ ಗದ್ದೆಪ್ಪ.

ಅಮರಮ್ಮ ಜಗಳಕ್ಕೆ ಬರಲಿಲ್ಲ. ಹತ್ತಿರ ಬಂದು, ಎಷ್ಟೋ ದಿನಗಳ ಮೇಲೆ ಗಂಡನ ಒದ್ದೆ ತೋಳು ಹಿಡಿದುಕೊಂಡಳು. ನಾನೇಕೆ ಹೋಗಲಿ ಎಂದು ಕೇಳಿದಳು. ಅವಳ ಕಣ್ಣು ತುಂಬಿದ್ದವು.

"ಕನಕೀನೇ ಬಂದಾಳ. ಬ್ಯಾನಿ ಸುರುವಾಗ್ಯಾವ, ಆದ್ರೂ ಅಪ್ಪ ಬಂದು ತನ್ನ ಬಾಯಿಲೇ ಒಂದು ಮಾತು ಅನ್ನೋತನಕ ಇಳಿಯಂಗಿಲ್ಲಂತ ದೋಣ್ಯಾಗ ಕುಂತಾಳ."