ಬೈಗುಳವಿಲ್ಲದ ನಷ್ಟ

ಇನ್ನೂ ಒಂದು ಲಕ್ಷ ಹೋಯಿತು. ಮಹಾಲಕ್ಷ್ಮಮ್ಮ ಒಂದು ಮಾತೂ ಬೈಯಲಿಲ್ಲ. ರಂಗನಾಥನಿಗೆ ಮೈ ಉರಿದದ್ದು ಅದಕ್ಕೇ.

ಹಾಲು ಉಕ್ಕಿದರೆ ಬಟವಾಡಿ ಬಡಾವಣೆಯ ಬೀದಿಗೆಲ್ಲ ಕೇಳುವಂತೆ ಕೂಗಾಡುವ ಹೆಂಡತಿ, ಕುಣಿಗಲ್ ಸೈಟು ಮಾರಿದ ದುಡ್ಡು ಷೇರುಪೇಟೆಯಲ್ಲಿ ಕರಗುತ್ತಿದ್ದರೆ, "ಉಪ್ಪಿಟ್ಟು ಆರೋಗುತ್ತೆ, ಬನ್ನಿ" ಅನ್ನುತ್ತಾಳೆ! ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲವೇನೋ ಎಂದು ಅವನಿಗೆ ಅನುಮಾನ.

ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು, ಮ್ಯಾನೇಜರನ ಗದರಿಕೆ ಕೇಳಿ ಸಾಕಾಗಿತ್ತು. ಷೇರಿನಲ್ಲಿ ಗೆದ್ದು ಆ ಕೆಲಸ ಬಿಡುವುದೊಂದೇ ಆಸೆ. ಬೆಳಗಿನ ಹೊತ್ತು ವ್ಯಾಪಾರ ಮಾಡಲೆಂದೇ ಮಧ್ಯಾಹ್ನದ ಶಿಫ್ಟು ಹಾಕಿಸಿಕೊಂಡಿದ್ದ. ಆ್ಯಪ್ ಹಾಕಿಕೊಟ್ಟವಳೂ ದುಡ್ಡು ತುಂಬಿದವಳೂ ಬಿ.ಕಾಂ. ಓದಿದ ಮಗಳು ಶಶಿರೇಖಾ. ಖಾಲಿಯಾದಾಗಲೆಲ್ಲ, "ಇನ್ನಷ್ಟು ಹಾಕಿದೀನಪ್ಪಾ, ಆಡು" ಅನ್ನುತ್ತಿದ್ದಳು.

"ಇದೇನು ಆಟ ಅಂದ್ಕೊಂಡಿದೀಯೇನೇ?" ಎಂದು ಅವನು ರೇಗುತ್ತಿದ್ದ.

ಪೇಟೆ ಏರುತ್ತದೆಂದು 'ಕಾಲ್' ಎಂಬ ಏರಿಕೆಯ ಬಾಜಿ ಕೊಂಡರೆ ಬಿತ್ತು. ಬೀಳುತ್ತದೆಂದು 'ಪುಟ್' ಎಂಬ ಇಳಿಕೆಯ ಬಾಜಿ ಕೊಂಡರೆ ಏರಿತು. ಆಮೇಲೆ ಎತ್ತಲೂ ಹೋಗದೆ ಮೊಂಡು ಎಮ್ಮೆಯಂತೆ ಕೂತಿತು. ಕೊಂಡದ್ದೆಲ್ಲ ದಿನದಿನಕ್ಕೆ ಬೆಲೆ ಕಳೆದುಕೊಂಡಿತು. ತಲೆ ಚಚ್ಚಿಕೊಂಡು ಕೂತಿದ್ದಾಗ ಹೊಳೆಯಿತು: ಪೇಟೆ ಅಲುಗದಿದ್ದರೆ ಕೊಳ್ಳುವವನು ಮುಳುಗುತ್ತಾನೆ, ಮಾರುವವನು ಗೆಲ್ಲುತ್ತಾನೆ. ಕಾಲ್, ಪುಟ್ ಎರಡನ್ನೂ ಮಾರತೊಡಗಿದ.

ಕಳೆದದ್ದೆಲ್ಲ ವಾಪಸು ಬಂತು. ಮೇಲೆ ಆರು ಲಕ್ಷ.

ಆ ದಿನ ಶಿಫ್ಟಿಗೆಂದು ಹೋದವನು ಸ್ವಲ್ಪ ಹೊತ್ತಿಗೇ ಮೈಸೂರು ಪಾಕ್ ಪೊಟ್ಟಣ ಹಿಡಿದು ಮನೆಗೆ ಬಂದ. ಫೋನಿನಲ್ಲಿ ಲಾಭ ತೋರಿಸಿದ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಒಬ್ಬಳೂ ನಗಲಿಲ್ಲ.

"ಸೋತಾಗ್ಲೂ ಸುಮ್ನೆ, ಗೆದ್ದಾಗ್ಲೂ ಸುಮ್ನೆ! ಎಂಥ ಜನ ನೀವು?" ರಂಗನಾಥ ಸಿಡಿದ. "ಇನ್ಮೇಲೆ ಯಾರ ಮುಂದೂ ಕೈಕಟ್ಟಿ ನಿಲ್ಲೋ ಹಂಗಿಲ್ಲ. ಮ್ಯಾನೇಜರ್ ಮುಖಕ್ಕೇ ಹೇಳ್ಬಂದೆ, 'ನಿನ್ ಕೆಲ್ಸಾನೂ ಬೇಡ, ನಿನ್ ಸಂಬ್ಳಾನೂ ಬೇಡ' ಅಂತ. ಎಲ್ರ ಮುಂದೇನೇ ಅವ್ನ ಟೀ ಲೋಟಾನೂ ಎತ್ತಿ ಎಸೆದ್ಬಂದೆ!"

ಮಹಾಲಕ್ಷ್ಮಮ್ಮ ಮೈಸೂರು ಪಾಕ್ ಪೊಟ್ಟಣ ಪಕ್ಕಕ್ಕೆ ತಳ್ಳಿದಳು. ಆಮೇಲೆ ಇಷ್ಟು ದಿನದ್ದೆಲ್ಲ ಸೇರಿಸಿ, ಬೀದಿಗೆಲ್ಲ ಕೇಳುವಂತೆ ಬೈಯತೊಡಗಿದಳು.

"ಅಪ್ಪಾ," ಶಶಿರೇಖಾ ತಲೆ ತಗ್ಗಿಸಿದಳು, "ಸೈಟಿನ ದುಡ್ಡು ಅಮ್ಮನ ಹೆಸ್ರಲ್ಲಿ ಬ್ಯಾಂಕಲ್ಲೇ ಇದೆ, ಒಂದ್ ರೂಪಾಯೂ ಹೋಗಿಲ್ಲ; ನಿನ್ ಫೋನಿಗೆ ಹಾಕ್ಕೊಟ್ಟಿದ್ದು ಹೊಸದಾಗಿ ಕಲಿಯೋರ ಆ್ಯಪು, ಅದ್ರಲ್ಲಿರೋದೆಲ್ಲ ಸುಳ್ಳು ದುಡ್ಡು."