ನೀಲಿ ಡಬ್ಬಿಯ ಸೋಪು

ತಕ್ಕಡಿ ಸಾಹೇಬರು ಗಲ್ಲಾಪೆಟ್ಟಿಗೆಯನ್ನು ಸುತ್ತಿಕೊಂಡು ಸೀದಾ ಅಂಗಡಿಯೊಳಕ್ಕೇ ನುಗ್ಗಿದರು. ಇಲ್ಲ ಎಂದು ಅಂಗಡಿಯವನು ಆಗಲೇ ಎರಡು ಸಲ ಹೇಳಿದ್ದ. ಅಂಗಡಿಯವರ ಮಾತು ನಂಬುವುದಾಗಿದ್ದರೆ ಸಾಹೇಬರು ತೂಕ-ಅಳತೆ ಇಲಾಖೆಯಲ್ಲಿ ರಿಟೈರಾಗುವವರೆಗೂ ಇನ್‌ಸ್ಪೆಕ್ಟರಾಗಿ ಕೂದಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರೇ? ಕಪಾಟಿಗೆ ಕೈಹಾಕಿದರು, ಟೂತ್‌ಪೇಸ್ಟುಗಳನ್ನು ಸರಿಸಿದರು, ಶಾಂಪೂ ಬಾಟಲಿಗಳ ಹಿಂದೆ ಇಣುಕಿದರು. ಧೂಳು ಸಿಕ್ಕಿತು. ನೀಲಿ ಡಬ್ಬಿಯ ಶೇವಿಂಗ್ ಸೋಪು ಸಿಗಲಿಲ್ಲ.

"ಸ್ಟಾಕ್ ಇಲ್ಲ ಸಾರ್. ಮಾರ್ಕೆಟ್ ಹತ್ರದ ಅಂಗಡೀಲಿ ಇದ್ರೂ ಇರಬಹುದು." ಅಂಗಡಿಯವನು ಕುರ್ಚಿ ಎಳೆದು, ನೀರಿನ ಲೋಟ ಮುಂದಿಟ್ಟ. "ಸುಧಾರಿಸಿಕೊಳ್ಳಿ. ನಡ್ಕೊಂಡೇ ಬಂದ್ರಾ?"

"ಇಲ್ಲ, ಹಾರ್ಕೊಂಡು ಬಂದೆ."

"ಒಳ್ಳೇದು ಸಾರ್, ಒಳ್ಳೇದು," ಎಂದು ಅವನು ನಕ್ಕ. ಆ ನಗು ಸಾಹೇಬರಿಗೆ ಹಿಡಿಸಲಿಲ್ಲ. ಒಂದು ಕಾಲದಲ್ಲಿ ಇದೇ ಮನುಷ್ಯನ ತಕ್ಕಡಿಯ ತಳಕ್ಕೆ ಅಂಟಿಸಿದ್ದ ಹುಣಸೆಹಣ್ಣನ್ನು ಕಿತ್ತು, ಊರೆದುರು ಮಾನ ಕಳೆದವರು ಅವರು.

ಲೋಕದಲ್ಲಿ ಬೇರೆ ಶೇವಿಂಗ್ ಸೋಪೇ ಇಲ್ಲವೆಂದಲ್ಲ. ಆದರೆ ಸಾಹೇಬರ ಗಲ್ಲ ಸಾಮಾನ್ಯ ಗಲ್ಲವಲ್ಲ. ಮೀಸೆ ಮೂಡಿದಂದಿನಿಂದ ಅದಕ್ಕೆ ನೀಲಿ ಡಬ್ಬಿಯದೇ ನೊರೆ ಬೇಕು. ಟ್ಯೂಬು ಹಿಂಡಿ ಗಡ್ಡ ಕೆರೆದುಕೊಳ್ಳುವವರ ಶೀಲದ ಬಗ್ಗೆ ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು.

ಹೀಗೆ ಸೋಪಿಗೆ ಬರ ಬಂದ ಹೊತ್ತಿಗೇ ಸ್ಕೂಟರೂ ಕೈಕೊಟ್ಟಿತ್ತು. ಅದು ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಯಾವುದೋ ಪಾರ್ಟು ಬರಲೆಂದು ಕಾಯುತ್ತಾ ಕೂತಿತ್ತು. ಇನ್ನು ಆಟೋ ಹತ್ತುವ ಮಾತೇ ಇರಲಿಲ್ಲ. ಮೀಟರು ಪರೀಕ್ಷಿಸದೆ ಸಾಹೇಬರು ಕೂರುವುದಿಲ್ಲ, ಅವರನ್ನು ಕಂಡರೆ ಆಟೋದವರು ನಿಲ್ಲಿಸುವುದಿಲ್ಲ.

"ಫೋನ್ ಮಾಡಿ ಕೇಳಬಾರದೇನ್ರೀ?" ಎಂದರು ಹೆಂಡತಿ.

"ಫೋನಲ್ಲಿ ಯಾವನು ನಿಜ ಹೇಳ್ತಾನೆ? ಕಣ್ಣಾರೆ ನೋಡಬೇಕು ಕಣೇ!"

"ಹೌದೌದು, ನೀವೇ ಹೋಗಿ ನೋಡೋದು ವಾಸಿ," ಎಂದು ಹೆಂಡತಿ ಬೂಟು ತಂದಿಟ್ಟರು. ಹೊಸ ಬೂಟು. ಹಳೆಯದನ್ನು ಹರಿದಿದೆ ಎಂದು ಆಕೆಯೇ ಎಸೆದಿದ್ದರು.

ಸಾಹೇಬರಿಗೆ ಹೆಂಡತಿಯ ಮೇಲೂ ಗುಮಾನಿ ಇಲ್ಲದಿರಲಿಲ್ಲ. ಆ ಸೋಪಿನ ವಾಸನೆ ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಮದುವೆಯಾದ ಮಾರನೇ ದಿನವೇ "ಆಸ್ಪತ್ರೆ ನೆಲ ಒರೆಸಿದ ಹಾಗಿದೆ" ಎಂದಿದ್ದರು. ಆದ್ದರಿಂದ ಸಾಹೇಬರು ಸ್ವಂತ ಮನೆಯನ್ನೇ ತಪಾಸಣೆ ಮಾಡಿದರು. ಮಂಚದಡಿ, ಅಟ್ಟ, ಅಕ್ಕಿ ಡಬ್ಬ, ಸೀರೆಗಳ ಮಡಿಕೆ, ಯಾವುದನ್ನೂ ಬಿಡಲಿಲ್ಲ. ಏನೂ ಸಿಗದೆ, ಹೆಂಡತಿ ನಿರಪರಾಧಿ ಎಂದು ಉದಾರವಾಗಿ ಘೋಷಿಸಿದರು. ಹರಡಿಬಿದ್ದ ಸೀರೆಗಳನ್ನು ಆ ನಿರಪರಾಧಿಯೇ ಮಡಿಸಿಟ್ಟುಕೊಂಡರು.

ಹಾಗಾದರೆ ಇದು ಅಂಗಡಿಯವರ ಹಗೆ. ಅನುಮಾನವೇ ಇಲ್ಲ, ಎಲ್ಲರೂ ಸೇರಿ ಮಸಲತ್ತು ಮಾಡಿದ್ದಾರೆ. ಒಬ್ಬ ಮಾರ್ಕೆಟ್ಟಿಗೆ ಹೋಗಿ ಅಂದ, ಮಾರ್ಕೆಟ್ಟಿನವನು ರೈಲ್ವೆ ಗೇಟಿಗೆ ಹೋಗಿ ಅಂದ, ಗೇಟಿನವನು ಕಾಲೇಜಿನ ಹಿಂದಿನ ಬೀದಿ ತೋರಿಸಿದ. ಎಲ್ಲ ಕಡೆಯೂ ಕುರ್ಚಿ, ಎಲ್ಲ ಕಡೆಯೂ ನೀರು. ದಂಡ ಕಟ್ಟಿದ ಜನಕ್ಕೆ ಇಷ್ಟೊಂದು ವಿನಯ ಎಲ್ಲಿಂದ ಬಂತು?

ಒಂದು ಬೆಳಿಗ್ಗೆ ಸಾಹೇಬರು ಸೋತು, "ಹಾಳಾಗಿಹೋಗಲಿ, ಗಡ್ಡ ಬಿಟ್ಟುಬಿಡ್ತೀನಿ" ಎಂದರು. ಹೆಂಡತಿಯ ಮುಖ ಕಪ್ಪಿಟ್ಟಿತು. "ಇನ್ನೊಂದೇ ಒಂದು ಸಲ ನೋಡ್ಕೊಂಡು ಬನ್ನಿ" ಎಂದು ಅಂಗಲಾಚಿದರು. ಆ ದಿನ ಕಾಲೇಜಿನ ಹಿಂದಿನ ಅಂಗಡಿಯಲ್ಲಿ ಒಂದು ಡಬ್ಬಿ ಸಿಕ್ಕಿತು. ಒಂದೇ ಒಂದು. ಅದರ ಮೇಲೆ ಧೂಳು ಸಹ ಇರಲಿಲ್ಲ. ಸಾಹೇಬರ ಇಲಾಖಾ ಬುದ್ಧಿ ಜಾಗೃತವಾಯಿತು. ಒಂದು ಸಿಕ್ಕಿತೆಂದರೆ ಎಲ್ಲೋ ರಾಶಿಯೇ ಅಡಗಿದೆ! ಮಾರನೇ ದಿನ ಇನ್ನೂ ಬೇಗ ಹೊರಟರು.

ಇದರ ನಡುವೆ ಡಾಕ್ಟರರ ಬಳಿ ಹೋಗುವ ದಿನ ಬಂತು. ಸೋಪಿನ ಬರಕ್ಕೆ ಸ್ವಲ್ಪ ಮುಂಚೆ ಡಾಕ್ಟರು ಎದೆಯ ರಿಪೋರ್ಟು ಹಿಡಿದು ಗದರಿಸಿದ್ದರು. "ದಿನಾ ನಡೀರಿ. ಇಲ್ಲದಿದ್ರೆ ಆಪರೇಷನ್ ಮಾಡಬೇಕಾಗುತ್ತೆ. ಅಲ್ಲೀವರೆಗೂ ಹೃದಯ ಕಾಯುತ್ತೆ ಅಂತ ನಾನು ಹೇಳಲಾರೆ."

"ಸುಮ್‌ಸುಮ್ನೆ ನಡೆಯೋಕೆ ನನಗೇನು ಹುಚ್ಚಾ? ಹೋಗೋಕೆ ಒಂದು ಕಾರಣ ಬೇಕಲ್ವಾ?" ಎಂದು ಸಾಹೇಬರು ಎದ್ದುಬಂದಿದ್ದರು. ಅಂದು ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ದರು. ಗಂಡ ಇನ್ನೆಷ್ಟು ದಿನವೋ ಎಂಬ ಭಯ ಆಕೆಯ ನಿದ್ದೆ ಕೆಡಿಸಿತ್ತು. ಆಮೇಲೆ ಮಾತ್ರ ಆ ವಿಷಯ ಎತ್ತಲೇ ಇಲ್ಲ. ಸಾಹೇಬರು ಅದನ್ನು ತಮ್ಮ ಗೆಲುವಿನ ಲೆಕ್ಕಕ್ಕೆ ಹಾಕಿಕೊಂಡಿದ್ದರು.

ಈ ಸಲ ಡಾಕ್ಟರು ರಿಪೋರ್ಟನ್ನು ಮತ್ತೆ ಮತ್ತೆ ನೋಡಿದರು. "ಹೃದಯ ಎಷ್ಟೋ ಸುಧಾರಿಸಿದೆಯಲ್ರೀ! ಹೊಟ್ಟೇನೂ ಇಳಿದಿದೆ. ಏನು ಮಾಡಿದ್ರಿ?"

"ಏನೂ ಮಾಡಿಲ್ಲ," ಎಂದರು ಸಾಹೇಬರು, ಎದೆಯುಬ್ಬಿಸಿ. "ಸೋಪು ಹುಡುಕೋದ್ರಲ್ಲೇ ಹೊತ್ತು ಹೋಗುತ್ತೆ, ವಾಕಿಂಗಿಗೆ ಪುರುಸೊತ್ತೆಲ್ಲಿ? ನಿಮ್ಮ ಮಾತು ಕೇಳದೇ ಇದ್ದದ್ದೇ ಒಳ್ಳೇದಾಯ್ತು ನೋಡಿ."

ಡಾಕ್ಟರು ಹೆಂಡತಿಯ ಕಡೆ ನೋಡಿದರು. ಆಕೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದರು. ಹೊರಡುವಾಗ ಮಾತ್ರೆ ಚೀಟಿಯ ನೆಪದಲ್ಲಿ ಡಾಕ್ಟರು ಆಕೆಯನ್ನು ಒಂದು ನಿಮಿಷ ಒಳಗೆ ಕರೆದರು.

ಸಂಜೆ ಸಾಹೇಬರು ಬಚ್ಚಲಲ್ಲಿ, ನೀಲಿ ಡಬ್ಬಿಯ ತಳ ಕೆರೆಯುತ್ತಾ, ನಾಳೆ ಯಾವ ಬೀದಿಗೆ ದಾಳಿಯಿಡಬೇಕೆಂದು ಯೋಚಿಸುತ್ತಿದ್ದರು. ಹೆಂಡತಿ ಹಿತ್ತಲಿಗೆ ಹೋಗಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಅದೇ ಹುಣಸೆಹಣ್ಣಿನ ತಕ್ಕಡಿಯವನಿಗೆ ಫೋನು ಮಾಡಿದರು.

"ಅಣ್ಣಾ, ನಿಮ್ಮ ಗೋಡೌನಲ್ಲಿ ನಾನು ಇಡಿಸಿರೋ ಪೆಟ್ಟಿಗೆಯಿಂದ ಒಂದು ಡಬ್ಬಿ ಸೇತುವೆ ಆಚೆ ಅಂಗಡಿಗೆ ಕಳಿಸಿಬಿಡಿ, ಡಾಕ್ಟರು ಇನ್ನೂ ಸ್ವಲ್ಪ ದೂರ ನಡೆಸಿ ಅಂದಿದ್ದಾರೆ, ಹಾಂ, ಸ್ಕೂಟರಿನ ಪಾರ್ಟು ಈ ತಿಂಗಳೂ ಬರೋದಿಲ್ಲ ಅಂತ ಮೆಕ್ಯಾನಿಕ್ಕಿಗೆ ಹೇಳಿ."